ಮೊದಲು ವೇಷದ ಪೋರ್ಟು, ಆಮೇಲೆ ಬೋರ್ಡು

ನಮ್ಮ ಮೈಕ್ರೋಕಂಟ್ರೋಲರ್ ಲ್ಯಾಬ್‌ನಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಮಾತು, "ಸರ್, ಪೋರ್ಟ್ ಬರ್ತಿಲ್ಲ." ಎರಡನೇ ಸ್ಥಾನ "ಹೋದ ವಾರ ಬರ್ತಿತ್ತು ಸರ್" ಅನ್ನೋದಕ್ಕೆ. ನಾಲ್ಕು ಜನಕ್ಕೆ ಒಂದು ಬೋರ್ಡು. ಲ್ಯಾಬ್ ಪಿಸಿಯಲ್ಲಿ ವಿಂಡೋಸ್, ಅದರ ಒಳಗೆ ವರ್ಚುವಲ್ ಮೆಷಿನ್, ಅದರ ಒಳಗೆ ಲಿನಕ್ಸ್. ಹೊರಗಿನ ಬೋರ್ಡನ್ನು ಒಳಗಿನ ಲಿನಕ್ಸ್‌ಗೆ ಕಾಣಿಸೋದರಲ್ಲೇ ಅರ್ಧ ಲ್ಯಾಬ್ ಮುಗಿದಿರುತ್ತೆ. ಕೊನೆಗೆ ಒಂದು ಸ್ಕ್ರೀನ್‌ನಲ್ಲಿ ಔಟ್‌ಪುಟ್ ಬರುತ್ತೆ, ಮಿಕ್ಕ ಮೂವರ ರೆಕಾರ್ಡ್‌ಗೂ ಅದೇ ಇಳಿಯುತ್ತೆ. ರೆಕಾರ್ಡ್‌ಗೆ ಸಹಿ ಬೀಳುತ್ತೆ. ಸೀರಿಯಲ್ ಕಮ್ಯುನಿಕೇಶನ್ ಕಲಿತಾಯ್ತು ಅಂತ ಲೆಕ್ಕ.

ಇದಕ್ಕೆ ಪರಿಹಾರ ಇನ್ನಷ್ಟು ಬೋರ್ಡು ತರಿಸೋದು ಮಾತ್ರ ಅಂತ ಎಲ್ಲರೂ ಹೇಳ್ತಾರೆ. ಬೋರ್ಡು ಬರಲಿ, ಬೇಡ ಅನ್ನಲ್ಲ. ಆದರೆ ನಮ್ಮ ವಾದ ಬೇರೆ. ಬೋರ್ಡು ಕೈಗೆ ಬರೋ ಮುಂಚೆ ಎರಡು ಲ್ಯಾಬ್ ಅವಧಿ ಪ್ರತಿಯೊಬ್ಬರಿಗೂ ಅವರದ್ದೇ ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಸಿಗಬೇಕು, ಅದೂ ಪೂರ್ತಿ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಖರ್ಚು ಸೊನ್ನೆ. ಕಲಿಯೋದು ಬೋರ್ಡಿಗಿಂತ ಕೆಲವು ವಿಷಯದಲ್ಲಿ ಜಾಸ್ತಿ, ಕೆಲವು ವಿಷಯದಲ್ಲಿ ಕಡಿಮೆ. ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅನ್ನೋದನ್ನ ಗುರುತಿಸೋದೇ ನಿಜವಾದ ಪಾಠ ಅಂತ ನಮಗನ್ನಿಸುತ್ತೆ.

ಮೊದಲು ವಿಷಯ ಏನು ಅಂತ ನೋಡೋಣ. ಮೈಕ್ರೋಕಂಟ್ರೋಲರ್‌ಗೆ ಗೊತ್ತಿರೋ ಅತಿ ಸರಳ ಭಾಷೆ ಯುಆರ್ಟ್. ಒಂದು ತಂತಿಯಲ್ಲಿ ಕಳಿಸು, ಇನ್ನೊಂದರಲ್ಲಿ ಕೇಳು, ಗ್ರೌಂಡ್ ಒಂದೇ ಇರಲಿ, ಅಷ್ಟೇ. ಹಿಂದೆ ಪಿಸಿಯ ಬೆನ್ನಿಗೇ ಒಂದು ಸೀರಿಯಲ್ ಪೋರ್ಟ್ ಇರ್ತಿತ್ತು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ, ಯುಎಸ್‌ಬಿ ಇದೆ. ಈ ಎರಡರ ಮಧ್ಯೆ ದುಭಾಷಿ ಬೇಕು. ಎಫ್‌ಟಿ232, ಸಿಪಿ2102, ಸಿಎಚ್340 ಅನ್ನೋ ಚಿಪ್‌ಗಳು ಮಾಡೋದು ಆ ದುಭಾಷಿ ಕೆಲಸ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಡಿಮೆ ಬೆಲೆಗೆ ಸಿಗೋ ಆರ್ಡುಯಿನೋ ಮಾದರಿಯ ಬೋರ್ಡನ್ನು ತಿರುಗಿಸಿ ನೋಡಿ, ಯುಎಸ್‌ಬಿ ಸಾಕೆಟ್ ಪಕ್ಕ ಹೆಚ್ಚಾಗಿ ಸಿಎಚ್340 ಕೂತಿರುತ್ತೆ.

ಕೇಬಲ್ ಚುಚ್ಚಿದ ಕೂಡಲೇ ಈ ಚಿಪ್ ಕಂಪ್ಯೂಟರ್‌ಗೆ ತನ್ನ ಪರಿಚಯ ಹೇಳುತ್ತೆ. ಎರಡು ಸಂಖ್ಯೆ ಮುಖ್ಯ. ತಯಾರಕರ ಐಡಿ ಒಂದು, ವಸ್ತುವಿನ ಐಡಿ ಇನ್ನೊಂದು. ಎಫ್‌ಟಿ232 ಆದರೆ 0403 ಮತ್ತು 6001. ಸಿಎಚ್340 ಆದರೆ 1ಎ86 ಮತ್ತು 7523. ಆಪರೇಟಿಂಗ್ ಸಿಸ್ಟಮ್ ಈ ಎರಡು ಸಂಖ್ಯೆ ನೋಡಿ ಸರಿಯಾದ ಡ್ರೈವರ್ ಕರೆಯುತ್ತೆ, ಡ್ರೈವರ್ ಬಂದು ಟಿಟಿವೈಯುಎಸ್‌ಬಿ0 ಅನ್ನೋ ಹೆಸರಿನ ಪೋರ್ಟ್ ತೆರೆಯುತ್ತೆ. ನಾವು "ಪೋರ್ಟ್ ಬಂತು" ಅನ್ನೋದು ಇದಕ್ಕೇ.

ಈಗ ವರ್ಚುವಲ್ ಮೆಷಿನ್ ವಿಷಯ. ಲ್ಯಾಬ್‌ನಲ್ಲಿ ನಾವು ಮಾಡೋದು ಪಾಸ್‌ಥ್ರೂ. ಅಂದ್ರೆ ಹೋಸ್ಟ್‌ಗೆ ಚುಚ್ಚಿದ ನಿಜವಾದ ಅಡಾಪ್ಟರ್ ಅನ್ನು ಎತ್ತಿ ಗೆಸ್ಟ್ ಕೈಗೆ ಕೊಡೋದು. ಇಲ್ಲಿ ಸಾಫ್ಟ್‌ವೇರ್ ಬರೀ ಕೊರಿಯರ್ ಹುಡುಗನ ಕೆಲಸ ಮಾಡುತ್ತೆ, ಚಿಪ್ ಏನು ಮಾಡ್ತಿದೆ ಅಂತ ಅದಕ್ಕೆ ಗೊತ್ತೂ ಇರಲ್ಲ, ಬೇಕಾಗೂ ಇಲ್ಲ. ಒಂದು ಸಮಯಕ್ಕೆ ವಸ್ತು ಒಬ್ಬರ ಹತ್ತಿರ ಮಾತ್ರ ಇರಬಹುದು. ಹೋಸ್ಟ್‌ನಲ್ಲಿ ಯಾವುದಾದರೂ ಸೀರಿಯಲ್ ಮಾನಿಟರ್ ತೆರೆದಿದ್ದರೆ ಜಗಳ. ಹೋಸ್ಟ್ ಲಿನಕ್ಸ್ ಆಗಿದ್ದು ವರ್ಚುವಲ್‌ಬಾಕ್ಸ್ ಬಳಸ್ತಿದ್ರೆ ವಿಬಾಕ್ಸ್‌ಯೂಸರ್ಸ್ ಗುಂಪಿನಲ್ಲಿ ನಿಮ್ಮ ಹೆಸರಿರಬೇಕು. ಗೆಸ್ಟ್ ಒಳಗೆ ಉಬುಂಟು ಆಗಿದ್ದರೆ ಡಯಲ್‌ಔಟ್ ಗುಂಪಿನಲ್ಲೂ ಇರಬೇಕು. ಲಿಯೊನಾರ್ಡೊ ಥರದ ಬೋರ್ಡಾದರೆ ಇನ್ನೊಂದು ತಲೆನೋವು. ಪ್ರೋಗ್ರಾಂ ಹಾಕುವಾಗ ಅದು ಒಮ್ಮೆ ಯುಎಸ್‌ಬಿಯಿಂದ ಮಾಯವಾಗಿ ಬೇರೆ ಐಡಿ ಹೊತ್ತು ವಾಪಸ್ ಬರುತ್ತೆ. ಹಳೇ ಐಡಿಗೆ ಮಾತ್ರ ಫಿಲ್ಟರ್ ಹಾಕಿದ್ದರೆ ಗೆಸ್ಟ್‌ಗೆ ಅದು ಸಿಗೋದೇ ಇಲ್ಲ. ಇದರಲ್ಲಿ ಯಾವುದೂ ಸಿಲಬಸ್‌ನಲ್ಲಿಲ್ಲ, ಆದರೆ ಲ್ಯಾಬ್ ಸಮಯ ತಿನ್ನೋದು ಇದೇ.

ಎರಡನೇ ದಾರಿ ಎಮ್ಯುಲೇಶನ್. 2003ರಲ್ಲಿ ಫ್ಯಾಬ್ರಿಸ್ ಬೆಲ್ಲಾರ್ಡ್ ಶುರು ಮಾಡಿದ ಕ್ಯೂಎಮು ಅನ್ನೋ ತಂತ್ರಾಂಶದಲ್ಲಿ ಯುಎಸ್‌ಬಿ-ಸೀರಿಯಲ್ ಅನ್ನೋ ಒಂದು ಡಿವೈಸ್ ಇದೆ. ಇದು ಯಾವ ಕೇಬಲನ್ನೂ ಎತ್ತಿ ಕೊಡಲ್ಲ. ತಾನೇ ಎಫ್‌ಟಿ232ಬಿಎಂ ಚಿಪ್ ಆಗಿ ನಿಲ್ಲುತ್ತೆ. ಗೆಸ್ಟ್ ಕೇಳಿದಾಗ 0403, 6001 ಅಂತ ಪರಿಚಯ ಹೇಳುತ್ತೆ, ಲಿನಕ್ಸ್ ನಂಬುತ್ತೆ, ಎಫ್‌ಟಿಡಿಐ ಡ್ರೈವರ್ ಬಂದು ಕೂರುತ್ತೆ, ಪೋರ್ಟ್ ತೆರೆಯುತ್ತೆ. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಕಿರೀಟ ಕಟ್ಟಿ ರಂಗಸ್ಥಳಕ್ಕೆ ಬಂದ ಮೇಲೆ ಅವನು ಕರ್ಣನೇ. ಚೌಕಿಯಲ್ಲಿ ಚಹಾ ಕುಡೀತಿದ್ದವನು ಯಾರು ಅಂತ ಭಾಗವತರು ಕೇಳೋದಿಲ್ಲ. ಕುಣಿತ, ಮಾತು, ತಾಳ ಸರಿಯಾಗಿದ್ದರೆ ಆಟ ನಡೆಯುತ್ತೆ.

ಆದರೆ ಕುಣಿತ, ಮಾತು ಸರಿಯಾಗಿರಬೇಕು ಅನ್ನೋದೇ ಇಲ್ಲಿನ ಸ್ವಾರಸ್ಯ. ಬರೀ ಐಡಿ ಹೇಳಿದರೆ ಸಾಲದು, ಆ ಚಿಪ್ಪಿನ ಸಣ್ಣಪುಟ್ಟ ಅಭ್ಯಾಸಗಳೆಲ್ಲ ಬರಬೇಕು. ಉದಾಹರಣೆಗೆ ಎಫ್‌ಟಿ232 ಕಂಪ್ಯೂಟರ್‌ಗೆ ಕಳಿಸೋ ಪ್ರತಿ 64 ಬೈಟಿನ ಪ್ಯಾಕೆಟ್‌ನಲ್ಲಿ ಮೊದಲ 2 ಬೈಟ್ ಡೇಟಾ ಅಲ್ಲ, ಲೈನ್ ಹೇಗಿದೆ ಅನ್ನೋ ವರದಿ. ನಮಗೆ ಉಳಿಯೋದು 62 ಬೈಟ್. ಕ್ಯೂಎಮುವಿನ ಚಿಪ್ಪೂ ಆ 2 ಬೈಟ್ ಇಟ್ಟೇ ಕಳಿಸುತ್ತೆ. ಇಡದಿದ್ದರೆ ಡ್ರೈವರ್ ನಮ್ಮ ಡೇಟಾದ ಮೊದಲ ಎರಡು ಅಕ್ಷರವನ್ನೇ ವರದಿ ಅಂದುಕೊಂಡು ನುಂಗಿಬಿಡುತ್ತೆ.

ಬಾಡ್ ರೇಟ್ ಕಥೆ ಇನ್ನೂ ಚೆನ್ನಾಗಿದೆ. ನಾವು ಪ್ರೋಗ್ರಾಂನಲ್ಲಿ 9600 ಅಂತ ಬರೀತೀವಿ. ಚಿಪ್ಪಿಗೆ 9600 ಅನ್ನೋ ಸಂಖ್ಯೆ ಹೋಗೋದೇ ಇಲ್ಲ. ಚಿಪ್ಪಿನ ಮೂಲ ವೇಗ 30,00,000. ಅದನ್ನು ಎಷ್ಟರಿಂದ ಭಾಗಿಸಬೇಕು ಅನ್ನೋದನ್ನ ಡ್ರೈವರ್ ಕಳಿಸುತ್ತೆ. 30,00,000 ಭಾಗಿಸು 9600 ಅಂದ್ರೆ 312.5. ಅರ್ಧ ಬಂತಲ್ಲ, ಅದಕ್ಕೂ ಜಾಗ ಇದೆ. ಕೆಳಗಿನ 14 ಬಿಟ್‌ನಲ್ಲಿ 312, ಮೇಲಿನ ಬಿಟ್‌ಗಳಲ್ಲಿ ಅರ್ಧ ಅನ್ನೋ ಸಂಕೇತ. ಹೆಕ್ಸ್‌ನಲ್ಲಿ ಅದು 4138. ಇನ್ನು 115200ಕ್ಕೆ ಭಾಗಿಸಿದರೆ 26.04. ಚಿಪ್ಪಿಗೆ ಎಂಟನೇ ಒಂದು ಭಾಗಕ್ಕಿಂತ ಸಣ್ಣ ಲೆಕ್ಕ ಬರಲ್ಲ, ಹಾಗಾಗಿ 26. ಸಿಗೋ ವೇಗ 115200 ಅಲ್ಲ, ಸುಮಾರು 115384. ಶೇಕಡ 0.16ರಷ್ಟು ವ್ಯತ್ಯಾಸ. ಟೆಕ್ಸ್ಟ್‌ಬುಕ್‌ನಲ್ಲಿ ಬಾಡ್ ರೇಟ್ ಎರರ್ ಅಂತ ಒಂದು ಸೂತ್ರ ಓದಿ ಮರೆತೀವಲ್ಲ, ಅದು ಇಲ್ಲಿ ಜೀವಂತ ಇದೆ.

ಇದನ್ನೆಲ್ಲ ನಂಬಬೇಕಾಗಿಲ್ಲ, ನೋಡಬಹುದು. ಗೆಸ್ಟ್ ಲಿನಕ್ಸ್‌ನಲ್ಲಿ ಯುಎಸ್‌ಬಿಮಾನ್ ಮಾಡ್ಯೂಲ್ ಹಾಕಿ ವೈರ್‌ಶಾರ್ಕ್ ತೆರೆದರೆ 4138 ಕಣ್ಣೆದುರೇ ಹಾದುಹೋಗುತ್ತೆ. ಅದನ್ನು ಆಚೆ ಕಡೆ ಸ್ವೀಕರಿಸೋ ಕೋಡ್ ಕೂಡ ತೆರೆದೇ ಇದೆ. ಕ್ಯೂಎಮುವಿನ ಆ ಸಿ ಫೈಲ್ ಸಾವಿರ ಸಾಲಿಗಿಂತ ಚಿಕ್ಕದು. ಸೆಕೆಂಡ್ ಇಯರ್‌ನ ಯಾರು ಬೇಕಾದರೂ ಒಂದು ಭಾನುವಾರ ಕೂತು ಓದಬಹುದು. ನಿಜವಾದ ಚಿಪ್ಪಿನ ಕಪ್ಪು ಪ್ಲಾಸ್ಟಿಕ್ಕನ್ನು ಹಾಗೆ ಓದೋಕೆ ಆಗುತ್ತಾ?

ಹಚ್ಚೋದು ಹೇಗೆ ಅಂದ್ರೆ, ಕ್ಯೂಎಮು ಶುರುಮಾಡುವಾಗ ಮೂರು ಆಪ್ಷನ್ ಸಾಕು. ಒಂದು ಯುಎಸ್‌ಬಿ ಕಂಟ್ರೋಲರ್, ಒಂದು ಯುಎಸ್‌ಬಿ-ಸೀರಿಯಲ್ ಡಿವೈಸ್, ಅದರ ಆಚೆ ತುದಿ ಎಲ್ಲಿಗೆ ಅಂತ ಹೇಳೋ ಚಾರ್‌ಡೆವ್. ಹೋಸ್ಟ್ ಲಿನಕ್ಸ್ ಆದರೆ ಆಚೆ ತುದಿಯನ್ನು ಪಿಟಿವೈಗೆ ಕಟ್ಟಬಹುದು. ವಿಂಡೋಸ್ ಆದರೆ ಪಿಟಿವೈ ಇಲ್ಲ, ಟಿಸಿಪಿ ಸಾಕೆಟ್ ಕಟ್ಟಿ. ಆ ಸಾಕೆಟ್‌ಗೆ ಪುಟ್ಟಿ ತೆರೆದು ಟೈಪ್ ಮಾಡಿದರೆ ನೀವೇ ಬೋರ್ಡು. ಹತ್ತು ಸಾಲಿನ ಪೈಥಾನ್ ಬರೆದರೆ ಅದು ಪ್ರತಿ ಸೆಕೆಂಡಿಗೂ ಉಷ್ಣಾಂಶ ಹೇಳೋ ಸೆನ್ಸರ್. ಗ್ರಾಫಿಕ್ಸ್ ಇಲ್ಲದ ಲಿನಕ್ಸ್ ಇದ್ದರೆ ಹಳೇ ಲ್ಯಾಬ್ ಪಿಸಿಯಲ್ಲೂ ನಡೆಯುತ್ತೆ. ವರ್ಚುವಲ್‌ಬಾಕ್ಸ್‌ನಲ್ಲಿ ಈ ಯುಎಸ್‌ಬಿ ವೇಷ ಇಲ್ಲ. ಅಲ್ಲಿರೋದು ಹಳೇ ಕಾಲದ 16550ಎ ಯುಆರ್ಟಿನ ವೇಷ. ಅದೂ ಸೀರಿಯಲ್ ಕಲಿಯೋಕೆ ಸಾಕು, ಆದರೆ ಯುಎಸ್‌ಬಿಯ ಪರಿಚಯ, ಡ್ರೈವರ್ ಬರೋದು, ಪೋರ್ಟ್ ಹುಟ್ಟೋದು ಇದ್ಯಾವುದೂ ಅಲ್ಲಿ ಕಾಣಲ್ಲ.

ಮುಖ್ಯ ಲಾಭ ಏನು ಗೊತ್ತಾ? ತೊಂದರೆಯನ್ನು ಬೇಕೆಂದಾಗ ಕರೆಸಬಹುದು. ನಿಜವಾದ ಬೋರ್ಡು ನಾವು ಹೇಳಿದಾಗ ಕೆಡಲ್ಲ, ವೈವಾ ದಿನವೇ ಕೆಡುತ್ತೆ. ವೇಷದ ಪೋರ್ಟ್‌ನಲ್ಲಿ ಆಚೆ ಕಡೆಯ ಸಾಕೆಟ್ ಮುಚ್ಚಿ ನೋಡಿ, ಗೆಸ್ಟ್‌ನಲ್ಲಿ ಕೇಬಲ್ ಕಿತ್ತ ಹಾಗೆ ಡಿವೈಸೇ ಮಾಯ. ಮತ್ತೆ ತೆರೆಯಿರಿ, ಮತ್ತೆ ಬರುತ್ತೆ. ಹಾಗಾಗೋದು ಬೇಡ ಅಂದ್ರೆ ಯಾವಾಗಲೂ ಚುಚ್ಚಿಕೊಂಡೇ ಇರು ಅನ್ನೋ ಆಪ್ಷನ್ನೂ ಇದೆ. ನಿಮ್ಮ ಪ್ರೋಗ್ರಾಂ ಆ ಹೊತ್ತಿಗೆ ಏನು ಮಾಡ್ತು? ಕ್ರ್ಯಾಶ್ ಆಯ್ತಾ, ಸುಮ್ಮನೆ ಕಾಯ್ತಾ ಕೂತ್ಕೊಂಡ್ತಾ? ಅರ್ಧ ಸಾಲು ಕಳಿಸಿ ನಿಲ್ಲಿಸಿ. ಸಂಖ್ಯೆ ಬರಬೇಕಾದ ಕಡೆ ಅಕ್ಷರ ಕಳಿಸಿ. ಇದನ್ನು ಅರವತ್ತು ಜನ ಒಂದೇ ಸಲಕ್ಕೆ, ತಮ್ಮ ತಮ್ಮ ಸೀಟಿನಲ್ಲಿ ಮಾಡಬಹುದು. ಯಾರ ರೆಕಾರ್ಡೂ ಇನ್ನೊಬ್ಬರ ರೆಕಾರ್ಡಿನ ಹಾಗೆ ಇರೋಲ್ಲ.

"ಇದೆಲ್ಲ ಆಟ, ಇದರಿಂದ ಎಲೆಕ್ಟ್ರಾನಿಕ್ಸ್ ಬರುತ್ತಾ?" ಅಂತ ಇಸಿ ಬ್ರಾಂಚಿನ ಸೀನಿಯರ್‌ಗಳು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ, ಬರಲ್ಲ. ಎಮ್ಯುಲೇಟರ್ ಎಲ್ಲಿ ಸುಳ್ಳು ಹೇಳುತ್ತೆ ಅಂತ ನಾವೇ ಪಟ್ಟಿ ಮಾಡ್ತೀವಿ, ಕೇಳಿ.

ಗೆಸ್ಟ್‌ನಲ್ಲಿ 9600 ಇಡಿ, ನಿಮ್ಮ ಪೈಥಾನ್ ಸೆನ್ಸರ್ 115200ರದ್ದು ಅಂತ ಕಲ್ಪಿಸಿಕೊಳ್ಳಿ. ವೇಷದ ಪೋರ್ಟ್‌ನಲ್ಲಿ ಅಕ್ಷರ ಸ್ಪಷ್ಟವಾಗಿ ಬರುತ್ತೆ. ಯಾಕೆಂದರೆ ಅಲ್ಲಿ ಬಿಟ್ ಅನ್ನೋದೇ ಇಲ್ಲ, ಪೂರ್ತಿ ಬೈಟು ಕೈಯಿಂದ ಕೈಗೆ ದಾಟುತ್ತೆ. ನಿಜವಾದ ತಂತಿಯಲ್ಲಿ 9600ರ ಒಂದು ಬಿಟ್ 104 ಮೈಕ್ರೋಸೆಕೆಂಡ್ ಇರುತ್ತೆ, 115200ರದ್ದು 8.7 ಮೈಕ್ರೋಸೆಕೆಂಡ್. ಕೇಳುವವರು ತಮ್ಮ ಲೆಕ್ಕದಲ್ಲಿ ಬಿಟ್‌ನ ಮಧ್ಯಕ್ಕೆ ಇಣುಕಿ ನೋಡ್ತಾರೆ. ಲೆಕ್ಕ ತಪ್ಪಿದರೆ ಬರೋದು ಕಸ. ಇನ್ನು ವೇಗ. ಸ್ಟಾರ್ಟ್, ಸ್ಟಾಪ್ ಸೇರಿ ಬೈಟಿಗೆ 10 ಬಿಟ್ ಅಂದ್ರೆ 9600ರಲ್ಲಿ ಸೆಕೆಂಡಿಗೆ 960 ಬೈಟಿಗಿಂತ ಜಾಸ್ತಿ ಹೋಗೋಕೆ ಸಾಧ್ಯವೇ ಇಲ್ಲ. ಸಾಕೆಟ್‌ಗೆ ಕಟ್ಟಿದ ಎಮ್ಯುಲೇಟರ್ ಈ ಮಿತಿಯನ್ನು ಪಾಲಿಸಲ್ಲ, ಬಂದಷ್ಟನ್ನು ಬಂದ ಹಾಗೇ ದಾಟಿಸುತ್ತೆ.

ಟಿಎಕ್ಸ್, ಆರ್‌ಎಕ್ಸ್ ಅದಲುಬದಲಾಗೋದು ಅಲ್ಲಿಲ್ಲ. ಗ್ರೌಂಡ್ ಕೊಡದೇ ಇರೋದು ಅಲ್ಲಿಲ್ಲ. 3.3 ವೋಲ್ಟ್ ಚಿಪ್ಪಿಗೆ 5 ವೋಲ್ಟ್ ಕೊಟ್ಟು ಸುಡೋದಂತೂ ಇಲ್ಲವೇ ಇಲ್ಲ. ಆರ್ಡುಯಿನೋ ಯುನೋದಲ್ಲಿ ಪೋರ್ಟ್ ತೆರೆದ ಕೂಡಲೇ ಡಿಟಿಆರ್ ಲೈನ್ ಎಳೆದು ಬೋರ್ಡು ರೀಸೆಟ್ ಆಗುತ್ತೆ. ನಮ್ಮ ಪೈಥಾನ್ ಸೆನ್ಸರ್ ಹಾಗೆ ರೀಸೆಟ್ ಆಗಲ್ಲ.

ಹಾಗಾದರೆ ಎಮ್ಯುಲೇಟರ್ ಯಾಕೆ? ಇದೇ ಕಾರಣಕ್ಕೆ. ಎರಡು ವಾರ ವೇಷದ ಪೋರ್ಟ್ ಜೊತೆ ಇದ್ದವರ ಕೈಗೆ ಮೂರನೇ ವಾರ ಬೋರ್ಡು ಕೊಡಿ. ಅದೇ ಪ್ರೋಗ್ರಾಂ, ಅದೇ ಡ್ರೈವರ್ ಕೆಲಸ. ಈಗ ಕಸ ಬಂದರೆ ಅವರಿಗೆ ಗೊತ್ತು, ನನ್ನ ಕೋಡ್ ಸರಿ ಇದೆ, ತೊಂದರೆ ತಂತಿ ಕಡೆ ಅಂತ. ಪೋರ್ಟೇ ಬರದಿದ್ದರೆ ಗೊತ್ತು, ತಂತಿ ಆಮೇಲೆ ನೋಡೋಣ, ಮೊದಲು ಪರಿಚಯ ಆಗಿದೆಯಾ ನೋಡೋಣ ಅಂತ. ಈಗ ಏನಾಗ್ತಿದೆ? ಎಲ್ಲ ತೊಂದರೆಗೂ ಒಂದೇ ಹೆಸರು, "ಬರ್ತಿಲ್ಲ." ಒಂದೇ ಔಷಧ, ಕಿತ್ತು ಮತ್ತೆ ಚುಚ್ಚೋದು.

ಒಂದೇ ಔಷಧದಿಂದ ಆಗೋ ಹಾನಿ ಬರೀ ಮಾರ್ಕ್ಸಿನದ್ದಲ್ಲ. ಇದಕ್ಕೆ ನಮ್ಮಲ್ಲಿ ಬಹಳ ಜನ ಕೇಳಿರೋ ಒಂದು ಉದಾಹರಣೆ ಇದೆ. ಉಬುಂಟು 22.04 ಬಂದಾಗ ಸಿಎಚ್340 ಬೋರ್ಡು ಚುಚ್ಚಿದರೆ ಪೋರ್ಟ್ ಒಂದು ಕ್ಷಣ ಬಂದು ಮಾಯವಾಗ್ತಿತ್ತು. ಕಾರಣ ಬಿಆರ್‌ಎಲ್‌ಟಿಟಿವೈ ಅನ್ನೋ ಒಂದು ಪ್ರೋಗ್ರಾಂ. ನೆಟ್‌ನಲ್ಲಿ ಎಲ್ಲ ಕಡೆ ಸಿಗೋ ಪರಿಹಾರ ಒಂದೇ ಸಾಲು, ಅದನ್ನು ಕಿತ್ತು ಹಾಕಿ. ಕಾಪಿ, ಪೇಸ್ಟ್, ಪಾಸ್‌ವರ್ಡ್, ಪೋರ್ಟ್ ಬಂತು. ಮುಗೀತು.

ಆ ಪ್ರೋಗ್ರಾಂ ಏನು? ಕಣ್ಣು ಕಾಣದವರು ಲಿನಕ್ಸ್ ಬಳಸೋದು ಅದರಿಂದ. ಪರದೆಯ ಮೇಲಿನ ಅಕ್ಷರಗಳನ್ನು ಬ್ರೈಲ್ ಡಿಸ್‌ಪ್ಲೇಗೆ ಕಳಿಸೋದು ಅದರ ಕೆಲಸ. ಅಲ್ಲಿ ಅಕ್ಷರಗಳು ಸಣ್ಣ ಸಣ್ಣ ಮೊಳೆಗಳಾಗಿ ಎದ್ದು ಬೆರಳಿಗೆ ಸಿಗ್ತಾವೆ. ಬ್ರೈಲ್ ಡಿಸ್‌ಪ್ಲೇ ಮಾಡೋರಿಗೂ ಯುಎಸ್‌ಬಿ ಸೀರಿಯಲ್ ಚಿಪ್ ಬೇಕಲ್ಲ, ಅವರೂ ಮಾರ್ಕೆಟ್‌ನಲ್ಲಿ ಸಿಗೋದನ್ನೇ ಹಾಕಿದ್ದಾರೆ. ಹಾಗಾಗಿ ಎಸ್.ಪಿ. ರೋಡ್‌ನ ಬೋರ್ಡೂ ಬ್ರೈಲ್ ಯಂತ್ರವೂ ಒಂದೇ ಹೆಸರು ಹೇಳ್ತಾವೆ, 1ಎ86 ಮತ್ತು 7523. ಕಂಪ್ಯೂಟರ್‌ಗೆ ಇಬ್ಬರೂ ಒಂದೇ ಕಿರೀಟದ ವೇಷಧಾರಿಗಳು. ನಮ್ಮ ಬೋರ್ಡನ್ನು ಬ್ರೈಲ್ ಯಂತ್ರ ಇರಬಹುದು ಅಂದುಕೊಂಡು ಆ ಪ್ರೋಗ್ರಾಂ ಎಳ್ಕೊಂಡಿದೆ, ಅಷ್ಟೇ.

ಐಡಿ ಅಂದ್ರೆ ಏನು, ಡ್ರೈವರ್ ಹೇಗೆ ಬರುತ್ತೆ ಅಂತ ಒಮ್ಮೆ ನೋಡಿದವರು ಇಲ್ಲಿ ಏನು ಮಾಡ್ತಾರೆ? ಯುಡೆವ್ ನಿಯಮಗಳ ಫೈಲ್ ತೆರೆದು ಆ ಒಂದು ಐಡಿಯ ಸಾಲನ್ನು ಮಾತ್ರ ಕಾಮೆಂಟ್ ಮಾಡ್ತಾರೆ. ಮಿಕ್ಕ ಬ್ರೈಲ್ ಯಂತ್ರಗಳು ಮೊದಲಿನ ಹಾಗೇ ನಡೀತಾವೆ. ನೋಡದವರು ಇಡೀ ಪ್ಯಾಕೇಜ್ ಕಿತ್ತು ಹಾಕ್ತಾರೆ. ಸ್ವಂತ ಲ್ಯಾಪ್‌ಟಾಪ್ ಆದರೆ ಅವರಿಷ್ಟ. ಆದರೆ ಅದೇ ಸಾಲನ್ನು ಇಡೀ ಲ್ಯಾಬ್‌ಗೆ ಹಂಚೋ ವರ್ಚುವಲ್ ಮೆಷಿನ್ ಇಮೇಜ್‌ನಲ್ಲಿ ಓಡಿಸಿದರೆ? ಆ ಇಮೇಜ್ ಬ್ಯಾಚ್‌ನಿಂದ ಬ್ಯಾಚ್‌ಗೆ ಪೆನ್‌ಡ್ರೈವ್‌ನಲ್ಲಿ ಹೋಗುತ್ತೆ. ಬ್ರೈಲ್ ಡಿಸ್‌ಪ್ಲೇ ಹಿಡಿದು ಬರೋ ಜೂನಿಯರ್ ಒಬ್ಬರು ಒಂದು ದಿನ ಆ ಸೀಟಿನಲ್ಲಿ ಕೂತಾಗ ಯಂತ್ರ ಮೂಕ. ಯಾಕೆ ಅಂತ ಹೇಳೋಕೆ ಆಗ ಯಾರೂ ಇರಲ್ಲ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಕ್ಯೂಎಮುವಿನ ಆ ಯುಎಸ್‌ಬಿ-ಸೀರಿಯಲ್ ಫೈಲ್ ತೆರೆದರೆ ಮೇಲುಗಡೆ 2008ರ ಹಕ್ಕುಸ್ವಾಮ್ಯದ ಜೊತೆ ಸ್ಯಾಮುಯೆಲ್ ಥಿಬೋ ಅನ್ನೋ ಹೆಸರಿದೆ. ಲಿನಕ್ಸ್‌ನಲ್ಲಿ ದೃಷ್ಟಿಹೀನರಿಗೆ ಬೇಕಾದ ತಂತ್ರಾಂಶಗಳಲ್ಲಿ, ಬಿಆರ್‌ಎಲ್‌ಟಿಟಿವೈ ಸೇರಿದಂತೆ, ಬಹಳ ಕಾಲದಿಂದ ಕೆಲಸ ಮಾಡ್ತಾ ಬಂದವರು ಅವರು. ಅದೇ ಫೈಲ್‌ನಲ್ಲಿ ಯುಎಸ್‌ಬಿ-ಬ್ರೈಲ್ ಅನ್ನೋ ಎರಡನೇ ವೇಷವೂ ಇದೆ. ವರ್ಚುವಲ್ ಮೆಷಿನ್ ಒಳಗಿನ ಸಿಸ್ಟಮ್‌ಗೆ ಬ್ರೈಲ್ ಯಂತ್ರವಾಗಿ ಕಾಣೋದು ಅದು. ಸೀರಿಯಲ್ ಪೋರ್ಟಿನ ವೇಷ ಮತ್ತು ಬ್ರೈಲ್ ಯಂತ್ರದ ವೇಷ ಒಂದೇ ಚೌಕಿಯಲ್ಲಿ, ಹೆಚ್ಚುಕಮ್ಮಿ ಒಂದೇ ಕೋಡ್‌ನಲ್ಲಿ, ಬೇರೆ ಐಡಿ ಇಟ್ಟುಕೊಂಡು ಕೂತಿವೆ. ನಮಗೆ ಲ್ಯಾಬ್ ಎಕ್ಸ್‌ಪೆರಿಮೆಂಟ್ ಆಗಿರೋದು ಇನ್ನೊಬ್ಬರಿಗೆ ಓದೋ ದಾರಿ.

ಐಡಿ ಮುಟ್ಟಿದರೆ ಎಷ್ಟು ಜನಕ್ಕೆ ತಾಗುತ್ತೆ ಅನ್ನೋದಕ್ಕೆ 2014ರ ಅಕ್ಟೋಬರ್ ಸಾಕ್ಷಿ. ತನ್ನ ಚಿಪ್ಪಿನ ನಕಲುಗಳ ಮೇಲೆ ಸಿಟ್ಟಾದ ಎಫ್‌ಟಿಡಿಐ ಕಂಪನಿಯ ಹೊಸ ವಿಂಡೋಸ್ ಡ್ರೈವರ್, ನಕಲಿ ಚಿಪ್ ಕಂಡರೆ ಅದರೊಳಗಿನ ವಸ್ತುವಿನ ಐಡಿಯನ್ನು ಸೊನ್ನೆ ಮಾಡ್ತಿತ್ತು. ಆ ಮೇಲೆ ಆ ವಸ್ತು ಯಾವ ಕಂಪ್ಯೂಟರ್‌ಗೆ ಚುಚ್ಚಿದರೂ ಅನಾಮಧೇಯ. ದುಡ್ಡು ಕೊಟ್ಟು ಕೊಂಡವರಿಗೆ ಒಳಗಿರೋದು ನಕಲಿ ಅಂತ ಗೊತ್ತೂ ಇರಲಿಲ್ಲ. ಗಲಾಟೆ ಎದ್ದು ಆ ಡ್ರೈವರ್ ವಾಪಸ್ ಹೋಯ್ತು. ಚಿಪ್ ಸುಟ್ಟಿರಲಿಲ್ಲ, ತಂತಿ ತುಂಡಾಗಿರಲಿಲ್ಲ. ಹೆಸರು ಅಳಿಸಿದ್ದು, ಅಷ್ಟೇ.

ಹಾಗಾಗಿ ಡಿಪಾರ್ಟ್‌ಮೆಂಟ್‌ಗೆ ನಮ್ಮ ಬೇಡಿಕೆ ಸಣ್ಣದು. ಲ್ಯಾಬ್ ಇಮೇಜ್ ಶುರುವಾಗೋ ಸ್ಕ್ರಿಪ್ಟ್‌ನಲ್ಲಿ ಆ ಮೂರು ಆಪ್ಷನ್ ಸೇರಲಿ. ಮೊದಲ ಎರಡು ಲ್ಯಾಬ್ ವೇಷದ ಪೋರ್ಟ್ ಮೇಲೆ ನಡೆಯಲಿ. ರೆಕಾರ್ಡ್‌ನಲ್ಲಿ ಔಟ್‌ಪುಟ್ ಜೊತೆ ಇನ್ನೊಂದು ಪುಟ ಇರಲಿ, ನಾನು ಬೇಕೆಂದೇ ಏನು ಕೆಡಿಸಿದೆ, ಏನಾಯ್ತು, ಹೇಗೆ ಪತ್ತೆ ಮಾಡಿದೆ ಅಂತ. ಮೂರನೇ ಲ್ಯಾಬ್‌ನಲ್ಲಿ ಬೋರ್ಡು ಬರಲಿ, ಎಮ್ಯುಲೇಟರ್ ಹೇಳಿದ ಸುಳ್ಳುಗಳನ್ನು ಬೋರ್ಡಿನ ಮುಂದಿಟ್ಟು ಹಿಡಿಯೋಣ. ಇಮೇಜ್‌ನಿಂದ ಯಾವುದೇ ಪ್ಯಾಕೇಜ್ ಕಿತ್ತು ಹಾಕೋ ಮುಂಚೆ ಅದು ಯಾರದ್ದು, ಯಾಕಿದೆ ಅಂತ ಒಂದು ಸಾಲು ಬರೆದಿಡೋ ಪದ್ಧತಿ ಬರಲಿ.

ನಮ್ಮ ಪಾಲಿನ ಕೆಲಸವನ್ನೂ ಹೇಳಿಬಿಡ್ತೀವಿ. ಇದನ್ನು ಹಚ್ಚೋ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಕ್ಲಬ್ ಕಡೆಯಿಂದ ಕೊಡ್ತೀವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ "ಎನ್ಯೂಮರೇಶನ್" ಅಂತ ಬಾಯಿಪಾಠ ಮಾಡೋದು ಸುಲಭ. "ಚುಚ್ಚಿದ ಕೂಡಲೇ ಪರಿಚಯ ಹೇಳುತ್ತೆ" ಅಂತ ಬರೆಯೋಕೆ ಹೋದಾಗ ಯಾರಿಗೆ, ಯಾವಾಗ, ಏನಂತ ಹೇಳುತ್ತೆ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ. ಆ ಪ್ರಶ್ನೆಗಳಿಗೆ ಉತ್ತರ ಸಿಕ್ಕವರು ಕಮ್ಯಾಂಡ್ ಪೇಸ್ಟ್ ಮಾಡೋ ಮುಂಚೆ ಅದನ್ನು ಒಮ್ಮೆ ಓದ್ತಾರೆ. ಬೋರ್ಡು ಕಡಿಮೆ ಇದೆ ಅನ್ನೋದು ನಿಜ, ಬಜೆಟ್ ಬಂದಾಗ ಅದು ಸರಿಹೋಗಬಹುದು. ಓದದೇ ಪೇಸ್ಟ್ ಮಾಡೋ ಅಭ್ಯಾಸ ಯಾವ ಬಜೆಟ್‌ನಿಂದಲೂ ಸರಿಹೋಗಲ್ಲ, ಅದನ್ನು ಈ ಸೆಮಿಸ್ಟರ್‌ನಲ್ಲೇ ಬಿಡಬೇಕು.